ನೆಲವೋ, ನೀರೋ, ನೀರಡಿಯೋ? ಕರಾವಳಿಯಲ್ಲಿ ಸಣ್ಣ ಅನ್ವೇಷಣಾ ವಾಹನ ಕಟ್ಟುವವರ ಆಯ್ಕೆಗಳು ಮತ್ತು ಹಣದ ದಾರಿಗಳು

ಮಂಗಳೂರು, ಉಡುಪಿ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಒಮ್ಮೊಮ್ಮೆ ಯುವಕ ಮಂಡಲದವರೂ ಕೇಳುವ ಪ್ರಶ್ನೆಗಳು ಎರಡು. ದೂರದಿಂದ ನಡೆಸಬಹುದಾದ, ಕ್ಯಾಮೆರಾ ಹೊತ್ತ ಪುಟ್ಟ ವಾಹನವೊಂದನ್ನು ಕಟ್ಟಬೇಕೆಂದಿದ್ದೇವೆ, ಯಾವ ಬಗೆಯದನ್ನು ಆರಿಸಿಕೊಳ್ಳಲಿ? ಅದಕ್ಕೆ ಹಣ ಎಲ್ಲಿಂದ ತರಲಿ? ಹೆಚ್ಚಿನವರು ಮೊದಲು ವಾಹನದ ಚಿತ್ರ ಬಿಡಿಸಿ, ಆಮೇಲೆ ಹಣ ಹುಡುಕಲು ಹೊರಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಿಕೊಳ್ಳಬೇಕು, ಏಕೆಂದರೆ ಹಣ ಕೊಡುವವರು ಯಾರೆಂಬುದು ವಾಹನದ ಗಾತ್ರವನ್ನೂ ಅದು ಮಾಡಬೇಕಾದ ಕೆಲಸವನ್ನೂ ಬಹುಮಟ್ಟಿಗೆ ಮೊದಲೇ ಗೊತ್ತುಮಾಡಿಬಿಡುತ್ತದೆ.

2023ರ ಆಗಸ್ಟ್ 23ರಂದು ಚಂದ್ರಯಾನ–3 ಚಂದ್ರನ ಮೇಲೆ ಇಳಿದು ಪ್ರಜ್ಞಾನ್ ರೋವರ್ ಹೊರಬಂದ ಮೇಲೆ, ಅನ್ವೇಷಣಾ ವಾಹನವೆಂದರೆ ಆರು ಚಕ್ರದ ಬಂಡಿ ಎಂಬ ಕಲ್ಪನೆ ಎಲ್ಲರ ಮನಸ್ಸಿನಲ್ಲಿ ನೆಲೆಯೂರಿದೆ. 26 ಕಿಲೋ ತೂಕದ ಆ ವಾಹನ ಸೆಕೆಂಡಿಗೆ ಒಂದು ಸೆಂಟಿಮೀಟರ್‌ನಷ್ಟೇ ವೇಗದಲ್ಲಿ ಚಲಿಸುವಂತೆ ರೂಪಿಸಿದ್ದು; ಅದರ ಪ್ರತಿಯೊಂದು ಭಾಗಕ್ಕೂ ಚಂದ್ರನ ನೆಲದಲ್ಲಿ ಒಂದೊಂದು ಕಾರಣವಿತ್ತು. ನಮ್ಮ ನೆಲಕ್ಕೆ ನಮ್ಮದೇ ಕಾರಣಗಳು ಬೇಕು.

ಆರಿಸುವ ಮೊದಲು ಅಳೆಯಬೇಕಾದದ್ದು

ಮೊದಲ ಅಳತೆಗೋಲು ಸ್ಥಳ. "ಎಲ್ಲ ಕಡೆ ಓಡುವ ವಾಹನ" ಎಂದು ಹೊರಟ ಯೋಜನೆ ಯಾವ ಕಡೆಯೂ ಸರಿಯಾಗಿ ಓಡುವುದಿಲ್ಲ. ಕೆಂಪುಕಲ್ಲಿನ ಕೋರೆ, ಸಮುದ್ರ ತೀರದ ಮರಳು, ದೇವಸ್ಥಾನದ ಕೆರೆ, ಮನೆಯ ಬಾವಿ, ನದಿಯ ಅಳಿವೆ ಬಾಗಿಲು, ನೀರಿನ ಸುರಂಗ, ಹೀಗೆ ಒಂದೇ ಒಂದು ಜಾಗದ ಹೆಸರನ್ನು ಕಾಗದದ ಮೇಲೆ ಬರೆದು, ಅಲ್ಲಿ ನಿಮಗೆ ತಿಳಿಯಬೇಕಾದದ್ದೇನು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಲು ಸಾಧ್ಯವಾದರೆ ಅರ್ಧ ವಿನ್ಯಾಸ ಮುಗಿದಂತೆ.

ಎರಡನೆಯದು ಸಂಕೇತ, ಅಂದರೆ ನಿಮ್ಮ ಕೈಯಲ್ಲಿರುವ ನಿಯಂತ್ರಕದಿಂದ ವಾಹನಕ್ಕೆ ಆಜ್ಞೆ ಹೋಗುವ ಮತ್ತು ಅಲ್ಲಿಂದ ಚಿತ್ರ ಬರುವ ದಾರಿ. ಇದನ್ನು ಕೊನೆಗೆ ನೋಡಿಕೊಳ್ಳೋಣವೆಂದು ಬಿಡುವವರೇ ಹೆಚ್ಚು. ನಾನಾದರೋ ಇದನ್ನು ಮೋಟಾರಿಗಿಂತ ಮೊದಲು ಇಡುತ್ತೇನೆ. ಸಾಮಾನ್ಯ ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳು ತೆರೆದ ಕಡಲತೀರದಲ್ಲಿ ಒಳ್ಳೆಯ ಆಂಟೆನಾ ಇದ್ದರೆ ಕೆಲವು ನೂರು ಮೀಟರ್ ಹೋಗುತ್ತವೆ, ಆದರೆ ಒದ್ದೆಯಾದ ಕೆಂಪುಕಲ್ಲಿನ ಗೋಡೆ ಒಂದು ತಿರುವು ಪಡೆದರೆ ಸೋತುಬಿಡುತ್ತವೆ. ಸಮುದ್ರದ ನೀರಿನಲ್ಲಂತೂ ಕೆಲವೇ ಸೆಂಟಿಮೀಟರ್‌ಗಳಲ್ಲಿ ಅಡಗಿಹೋಗುತ್ತವೆ. ದೂರಕ್ಕೆ ಲೋರಾ ಎಂಬ ರೇಡಿಯೊ ಮಾಡ್ಯೂಲ್‌ಗಳು ಒಳ್ಳೆಯವು, ಆದರೆ ಅವು ಆಜ್ಞೆ, ತಾಪಮಾನ, ಸ್ಥಾನದಂಥ ಸಣ್ಣ ಮಾಹಿತಿಯನ್ನು ಒಯ್ಯುತ್ತವೆಯೇ ಹೊರತು ವೀಡಿಯೊವನ್ನಲ್ಲ. ಲೋರಾ ಕೊಳ್ಳುವಾಗ ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸಲು ಬಿಟ್ಟಿರುವ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯದ್ದನ್ನೇ ಕೇಳಿ ಪಡೆಯಬೇಕು. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ 915 ಮೆಗಾಹರ್ಟ್ಸ್‌ನ ಮಾಡ್ಯೂಲ್ ಸ್ವಲ್ಪ ಅಗ್ಗಕ್ಕೆ ಸಿಕ್ಕಿದರೂ ಅದು ನಮ್ಮಲ್ಲಿ ಬಳಸುವಂಥದ್ದಲ್ಲ.

ಮೂರನೆಯದು, ಕೆಟ್ಟು ನಿಂತರೆ ವಾಹನವನ್ನು ಹೇಗೆ ವಾಪಸು ತರುತ್ತೀರಿ ಎಂಬುದು. ತೀರದ ಮೇಲೆ ನಿಂತರೆ ನಡೆದುಹೋಗಿ ಎತ್ತಿಕೊಂಡು ಬರಬಹುದು. ಕೆರೆಯ ನಡುವೆ ನಿಂತರೆ ದೋಣಿ ಬೇಕು. ನೀರಿನ ಅಡಿಯಲ್ಲಿ ನಿಂತರೆ ಕೇಬಲ್ಲೇ ಹಗ್ಗವಾಗಬೇಕು.

ಇನ್ನು ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಬಿಡಿಭಾಗ ಬೆಂಗಳೂರಿನಿಂದಲೋ ಪುಣೆಯಿಂದಲೋ ಬರಲು ಹಿಡಿಯುವ ದಿನಗಳು, ಇವು ಯಾವ ಆಯ್ಕೆಯಲ್ಲೂ ತಪ್ಪುವುದಿಲ್ಲ. ಹಣದ ವಿಷಯದಲ್ಲಿ ಕೇಳಬೇಕಾದದ್ದು ಎಷ್ಟು ಸಿಗುತ್ತದೆ ಎಂಬುದೊಂದನ್ನೇ ಅಲ್ಲ; ಯಾವಾಗ ಸಿಗುತ್ತದೆ, ಯಾರ ಹೆಸರಿನ ಖಾತೆಗೆ ಬರುತ್ತದೆ, ಬದಲಿಗೆ ಏನು ಕೇಳುತ್ತಾರೆ ಎಂಬ ಮೂರನ್ನೂ ಕೇಳಬೇಕು.

ನೆಲದ ಮೇಲೆ: ನಾಲ್ಕು ಚಕ್ರವೇ, ಆರೇ, ಪಟ್ಟಿಯೇ

ನೆಲದ ವಾಹನಕ್ಕೆ ನಮ್ಮ ಭಾಗದಲ್ಲಿ ಬಲು ಅರ್ಥಪೂರ್ಣವಾದ ಕೆಲಸವೊಂದಿದೆ. ಬಂಟ್ವಾಳ ತಾಲೂಕಿನ ಮಾಣಿಲ, ಕೇಪು, ಅಡ್ಯನಡ್ಕ ಮತ್ತು ಗಡಿಯಾಚೆ ಕಾಸರಗೋಡಿನ ಬಾಯಾರು ಭಾಗಗಳಲ್ಲಿ ಗುಡ್ಡದ ಒಡಲಿಗೆ ಅಡ್ಡವಾಗಿ ಕೊರೆದು ನೀರು ತರುವ ಸುರಂಗಗಳಿವೆ. ಒಂಟಿಯಾಗಿ ಇಂಥ ಸುರಂಗಗಳನ್ನು ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಒಬ್ಬ ಮನುಷ್ಯ ನಡೆದುಹೋಗುವಷ್ಟೇ ಅಗಲದ, ಕೆಲವೆಡೆ ಬಾಗಿ ಸಾಗಬೇಕಾದ ಈ ದಾರಿಗಳಲ್ಲಿ ಎಲ್ಲಿ ಮಣ್ಣು ಕುಸಿದಿದೆ, ಒಸರು ಎಲ್ಲಿಂದ ಬರುತ್ತಿದೆ, ಒಳಗಿನ ಗಾಳಿ ಉಸಿರಾಡಲು ಯೋಗ್ಯವೇ ಎಂಬುದನ್ನು ಮನುಷ್ಯರು ಒಳಹೋಗುವ ಮೊದಲೇ ನೋಡಿ ಬರುವ ವಾಹನವಿದ್ದರೆ ಅದು ಆಟಿಕೆಯಾಗಿ ಉಳಿಯುವುದಿಲ್ಲ.

ಇಂಥ ಕೆಲಸಕ್ಕೆ ಆರು ಚಕ್ರದ ರಾಕರ್–ಬೋಗಿ, ಅಂದರೆ ಚಂದ್ರ, ಮಂಗಳದ ರೋವರ್‌ಗಳಲ್ಲಿರುವ ಕೀಲುಜೋಡಣೆಯ ಚಕ್ರವ್ಯವಸ್ಥೆ, ಬೇಡವೇ ಬೇಡ. ಮೂವತ್ತು ಸೆಂಟಿಮೀಟರ್‌ಗಿಂತ ಕಡಿಮೆ ಅಗಲದ, ಎಡ–ಬಲ ಚಕ್ರಗಳ ವೇಗದ ವ್ಯತ್ಯಾಸದಿಂದಲೇ ತಿರುಗುವ ನಾಲ್ಕು ಚಕ್ರದ ಗಾಡಿ ಸಾಕು. ತಳದಲ್ಲಿ ಹರಿಯುವ ನೀರಿಗೆ ಮೋಟಾರುಗಳು ಸಿಗದಂತೆ ಚಕ್ರ ಸ್ವಲ್ಪ ದೊಡ್ಡದಿರಲಿ. ಸಂಕೇತಕ್ಕೆ ವೈಫೈಯನ್ನು ನಂಬದೆ ನೆಟ್‌ವರ್ಕ್ ಕೇಬಲ್ ಎಳೆದೊಯ್ಯುವುದು ಒಳ್ಳೆಯದು. ಸಾಮಾನ್ಯ ಈಥರ್‌ನೆಟ್ ಕೇಬಲ್ 100 ಮೀಟರ್‌ವರೆಗೆ ತೊಂದರೆಯಿಲ್ಲದೆ ಕೆಲಸ ಮಾಡುತ್ತದೆ, ಜೊತೆಗೊಂದು ನೈಲಾನ್ ಹಗ್ಗ ಕಟ್ಟಿದರೆ ಸಿಕ್ಕಿಬಿದ್ದ ಗಾಡಿಯನ್ನು ಹಿಂದಕ್ಕೆ ಎಳೆಯಲೂ ಬರುತ್ತದೆ. ತಿರುವುಗಳಲ್ಲಿ ಕೇಬಲ್ ಕಲ್ಲಿನ ಮೂಲೆಗೆ ಉಜ್ಜುತ್ತದೆ ಮತ್ತು ಉದ್ದವಾದಷ್ಟೂ ಗಾಡಿ ಎಳೆಯಬೇಕಾದ ಭಾರ ಹೆಚ್ಚುತ್ತದೆ ಎಂಬುದು ಇದರ ಬೆಲೆ.

ಮೋಟಾರು ಆರಿಸುವಾಗ ಅಂದಾಜು ಮಾಡುವ ಬದಲು ಐದು ನಿಮಿಷದ ಲೆಕ್ಕ ಹಾಕಬೇಕು. ಆರು ಕಿಲೋದ ಗಾಡಿ ಮೂವತ್ತು ಡಿಗ್ರಿ ಏರು ಹತ್ತಬೇಕಾದರೆ ಅದನ್ನು ಮೇಲಕ್ಕೆ ತಳ್ಳಲು ತೂಕದ ಅರ್ಧದಷ್ಟು, ಅಂದರೆ ಮೂರು ಕಿಲೋದಷ್ಟು ಬಲ ಬೇಕು. ಚಕ್ರದ ತ್ರಿಜ್ಯ ಐದು ಸೆಂಟಿಮೀಟರ್ ಇದ್ದರೆ ಒಟ್ಟು 15 ಕಿಲೋ–ಸೆಂಟಿಮೀಟರ್ ತಿರುಚುಬಲ. ನಾಲ್ಕು ಮೋಟಾರಿಗೆ ಹಂಚಿದರೆ ಒಂದೊಂದಕ್ಕೆ ನಾಲ್ಕರ ಹತ್ತಿರ. ಮರಳು, ಕೆಸರು, ಕೇಬಲ್‌ನ ಎಳೆತ ಎಲ್ಲವನ್ನೂ ಎಣಿಸಿ ಇದನ್ನು ದುಪ್ಪಟ್ಟು ಮಾಡಿ, ಎಂಟು ಕಿಲೋ–ಸೆಂಟಿಮೀಟರ್‌ನ ಗೇರ್ ಮೋಟಾರು ಕೊಳ್ಳಬಹುದು. ಎಲ್ಲರ ಕೈಗೂ ಸುಲಭವಾಗಿ ಸಿಗುವ ಎಲ್298ಎನ್ ಡ್ರೈವರ್ ಬೋರ್ಡು (ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವುದು) ಎರಡು ವೋಲ್ಟಿನಷ್ಟನ್ನು ತಾನೇ ಶಾಖವಾಗಿ ತಿಂದುಹಾಕುವುದರಿಂದ, ಸ್ವಲ್ಪ ಹೆಚ್ಚು ಕೊಟ್ಟು ಬಿಟಿಎಸ್7960 ಹಾಕುವುದು ಲೇಸು. ಬ್ಯಾಟರಿಯ ಲೆಕ್ಕವೂ ಹೀಗೆಯೇ: ಮೂರು ಸೆಲ್ಲಿನ 5000 ಮಿಲಿಆಂಪ್ ಗಂಟೆಯ ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ 55 ವ್ಯಾಟ್–ಗಂಟೆ ಇರುತ್ತದೆ, ಅದರ ಐದನೆಯ ಒಂದು ಭಾಗವನ್ನು ಉಳಿಸಿಕೊಂಡು, ಸರಾಸರಿ 30 ವ್ಯಾಟ್ ಬಳಕೆಗೆ ಒಂದೂವರೆ ಗಂಟೆ. ಕ್ಯಾಮೆರಾ, ದೀಪ, ಇಎಸ್‌ಪಿ32 ಅಥವಾ ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರ್ ಬೋರ್ಡು ಎಲ್ಲ ಸೇರಿ ಹತ್ತರಿಂದ ಹದಿನೈದು ಸಾವಿರ ರೂಪಾಯಿಯೊಳಗೆ ಈ ಗಾಡಿ ಮುಗಿಯಬೇಕು.

ಪಟ್ಟಿಯ ಗಾಡಿ, ಅಂದರೆ ಟ್ಯಾಂಕಿನಂತೆ ಚಲಿಸುವುದು, ಕೋರೆಯ ಜಲ್ಲಿಯ ಮೇಲೆ ಚೆನ್ನಾಗಿ ಹೋಗುತ್ತದೆ, ಪಣಂಬೂರು, ಮಲ್ಪೆಯ ಮರಳಿನಲ್ಲಿ ಪಟ್ಟಿಯೊಳಗೆ ಮರಳು ಸೇರಿ ಬಿಗಿಯುತ್ತದೆ. ಮರಳಿಗೆ ಅಗಲವಾದ ಚಕ್ರವೇ ಸರಿ.

ಹಾಗಾದರೆ ಆರು ಚಕ್ರದ ರಾಕರ್–ಬೋಗಿ ಯಾರಿಗೆ? ಚಕ್ರದ ವ್ಯಾಸಕ್ಕಿಂತ ಎತ್ತರದ ಕಲ್ಲನ್ನೂ ಹತ್ತಿ, ಆರು ಚಕ್ರಗಳನ್ನೂ ನೆಲಕ್ಕೆ ಒತ್ತಿಕೊಂಡೇ ಸಾಗುವ ಈ ರಚನೆ ಎಂಜಿನಿಯರಿಂಗ್ ಕಲಿಕೆಗೆ ಉತ್ತಮವಾದ ಪಾಠ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ 2018ರಲ್ಲಿ ಯಾರು ಬೇಕಾದರೂ ಕಟ್ಟಬಹುದಾದ ಇಂಥ ರೋವರ್‌ನ ನಕ್ಷೆಗಳನ್ನು ಮುಕ್ತವಾಗಿ ಬಿಡುಗಡೆ ಮಾಡಿತು; ಆಗ ಅದರ ಬಿಡಿಭಾಗಗಳ ಅಂದಾಜು ವೆಚ್ಚ 2500 ಡಾಲರ್, ಅಂದರೆ ಇಂದಿನ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿಯ ಮೇಲೆ. ಅಮೆರಿಕದ ಯೂಟಾ ಮರುಭೂಮಿಯಲ್ಲಿ ಮಾರ್ಸ್ ಸೊಸೈಟಿ 2007ರಿಂದ ನಡೆಸುತ್ತಿರುವ ಯೂನಿವರ್ಸಿಟಿ ರೋವರ್ ಚಾಲೆಂಜ್, ಪೋಲೆಂಡಿನ ಯುರೋಪಿಯನ್ ರೋವರ್ ಚಾಲೆಂಜ್‌ಗಳನ್ನು ಗುರಿಯಾಗಿಟ್ಟುಕೊಂಡವರಿಗೆ ಇದು ಅನಿವಾರ್ಯಕ್ಕೆ ಹತ್ತಿರ. ಮಣಿಪಾಲದ ವಿದ್ಯಾರ್ಥಿಗಳ ಮಾರ್ಸ್ ರೋವರ್ ಮಣಿಪಾಲ್ ತಂಡ ಇಂಥ ಸ್ಪರ್ಧೆಗಳಲ್ಲಿ ಭಾಗವಹಿಸುತ್ತ ಬಂದಿರುವುದರಿಂದ ನಮ್ಮ ಜಿಲ್ಲೆಯಲ್ಲೇ ಕೇಳಿ ತಿಳಿಯಲು ಜನರಿದ್ದಾರೆ. ಆದರೆ ಅಲ್ಲಿ ಓಡಬೇಕಾದದ್ದು ಬಂಡಿಯೊಂದೇ ಅಲ್ಲ; ಯಂತ್ರದ ತೋಳು, ಮಣ್ಣಿನ ಪರೀಕ್ಷೆ, ತಾನಾಗಿ ದಾರಿ ಹುಡುಕುವ ತಂತ್ರಾಂಶ, ಕೊನೆಗೆ ವಿಮಾನದ ಟಿಕೆಟ್ಟು ಮತ್ತು ಸಾಗಾಟ, ಇವೆಲ್ಲ ಸೇರಿದಾಗ ವಾಹನದ ಬೆಲೆ ಒಟ್ಟು ಖರ್ಚಿನ ಒಂದು ಪಾಲು ಮಾತ್ರ. ಕಾಲೇಜಿನ ಬೆಂಬಲ ಬರವಣಿಗೆಯಲ್ಲಿ ಸಿಗುವವರೆಗೆ ಈ ದಾರಿಗೆ ಇಳಿಯಬಾರದು.

ನೀರಿನ ಮೇಲೆ: ಕಡಿಮೆ ಹಣಕ್ಕೆ ಹೆಚ್ಚು ಕೆಲಸ

ನೋಡಲು ಆಕರ್ಷಕವಲ್ಲದ ಕಾರಣಕ್ಕೆ ಹೆಚ್ಚಿನವರು ಬಿಟ್ಟುಬಿಡುವ ಆಯ್ಕೆಯೆಂದರೆ ಪುಟ್ಟ ದೋಣಿ. ನನ್ನನ್ನು ಕೇಳಿದರೆ ಹೊಸ ತಂಡಕ್ಕೆ, ಅದರಲ್ಲೂ ಇಪ್ಪತ್ತೈದು ಸಾವಿರದೊಳಗಿನ ಹಣವಿರುವವರಿಗೆ, ಇದಕ್ಕಿಂತ ಒಳ್ಳೆಯದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 110 ಮಿಲಿಮೀಟರ್ ಪಿವಿಸಿ ಪೈಪು ಒಂದು ಮೀಟರ್ ಉದ್ದಕ್ಕೆ ಸುಮಾರು ಒಂಬತ್ತೂವರೆ ಲೀಟರ್ ನೀರನ್ನು ಸರಿಸುತ್ತದೆ. ಅಂಥ ಎರಡು ಪೈಪುಗಳ ಬಾಯಿ ಮುಚ್ಚಿ ಜೋಡಿಸಿದರೆ, ಅವು ಅರ್ಧ ಮುಳುಗಿದಾಗ ತಮ್ಮ ತೂಕವೂ ಸೇರಿ ಒಂಬತ್ತೂವರೆ ಕಿಲೋ ಹೊರುತ್ತವೆ. ಎರಡು ಮೋಟಾರು, ಜಿಪಿಎಸ್, ವಾಹನವನ್ನು ತಾನಾಗಿ ನಡೆಸುವ ಪಿಕ್ಸ್‌ಹಾಕ್ ಬೋರ್ಡು, ಅದರ ಮೇಲೆ ಉಚಿತವಾಗಿ ಸಿಗುವ ಆರ್ಡುರೋವರ್ ತಂತ್ರಾಂಶ ಹಾಕಿದರೆ ದೋಣಿ ನಕ್ಷೆಯ ಮೇಲೆ ಗುರುತಿಸಿದ ಗೆರೆಗಳಲ್ಲಿ ತಾನಾಗಿ ಸಾಗುತ್ತದೆ, ಸಂಕೇತ ಕಡಿದರೆ ಹೊರಟ ಜಾಗಕ್ಕೆ ಮರಳಿ ಬರುವಂತೆಯೂ ಮಾಡಬಹುದು. ಆಂಟೆನಾ ನೀರಿನ ಮೇಲೆಯೇ ಇರುವುದರಿಂದ ಸಂಕೇತದ ಚಿಂತೆ ಬಹುಪಾಲು ಇಲ್ಲ.

ಇದರಿಂದ ಆಗುವ ಕೆಲಸ ದೊಡ್ಡದು. ಆಳ ಅಳೆಯುವ ಎಕೋ ಸೌಂಡರ್ ಒಂದನ್ನು ಅಡಿಗೆ ಕಟ್ಟಿದರೆ ಮಣ್ಣಪಳ್ಳದಂಥ ಕೆರೆಯ, ಗುಜ್ಜರಕೆರೆಯಂಥ ಕೊಳದ ತಳದ ನಕ್ಷೆ ತೆಗೆಯಬಹುದು. ಮಂಗಳೂರಿಗೆ ನೀರು ಕೊಡುವ ನೇತ್ರಾವತಿಯ ತುಂಬೆ ಅಣೆಕಟ್ಟು, ಉಡುಪಿಗೆ ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು, ಹಳ್ಳಿಹಳ್ಳಿಗಳಲ್ಲಿರುವ ಕಿಂಡಿ ಅಣೆಕಟ್ಟುಗಳು, ಇವುಗಳಲ್ಲೆಲ್ಲ ಹೂಳು ಎಷ್ಟು ತುಂಬಿದೆ ಎಂಬ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಏಳುತ್ತದೆ. ಅಳತೆ ಮಾಡಿ ಉತ್ತರ ಕೊಡಬಲ್ಲ ತಂಡಕ್ಕೆ ಹಣದ ಬಾಗಿಲುಗಳೂ ಬೇಗ ತೆರೆಯುತ್ತವೆ. ಈ ಮಾತಿಗೆ ಕೆಳಗೆ ಮತ್ತೆ ಬರುತ್ತೇನೆ. ಕುಡಿಯುವ ನೀರಿನ ಸಂಗ್ರಹಗಳಲ್ಲಿ ಇಳಿಸುವ ಮೊದಲು ನಗರಸಭೆ ಅಥವಾ ಪಾಲಿಕೆಯ ಲಿಖಿತ ಅನುಮತಿ ಬೇಕೆಂಬುದನ್ನು ಹೇಳಬೇಕಾಗಿಲ್ಲ.

ಇದರ ದೌರ್ಬಲ್ಯ ಎರಡು. ಅಂತರಗಂಗೆ ತುಂಬಿದ ಕೆರೆಯಲ್ಲಿ ನೀರಿನೊಳಗಿನ ಪ್ರೊಪೆಲ್ಲರ್‌ಗೆ ಬೇರು ಸುತ್ತಿಕೊಳ್ಳುತ್ತದೆ. ಅಲ್ಲಿ ಗಾಳಿಯಲ್ಲಿ ತಿರುಗುವ ಫ್ಯಾನು ಹಾಕಬೇಕು, ಅದಕ್ಕೆ ಬ್ಯಾಟರಿ ಹೆಚ್ಚು ಬೇಕು ಮತ್ತು ಪಕ್ಕಗಾಳಿಗೆ ದೋಣಿ ಓಲಾಡುತ್ತದೆ. ಅಳಿವೆಯಲ್ಲಿ ಇಳಿತದ ಹೊತ್ತಿನ ಸೆಳೆತಕ್ಕೆ ಸಣ್ಣ ಮೋಟಾರು ಸಾಲದು, ಆದ್ದರಿಂದ ಮೊದಲ ವರ್ಷ ನಿಂತ ನೀರಿನಲ್ಲೇ ಇರುವುದು ಜಾಣತನ.

ನೀರಿನ ಅಡಿಯಲ್ಲಿ: ಆಸೆ ದೊಡ್ಡದು, ಲೆಕ್ಕವೂ ದೊಡ್ಡದು

ಕಡಲ ಮಗ್ಗುಲಲ್ಲಿ ಬೆಳೆದವರಿಗೆ ನೀರಡಿಯ ವಾಹನದ ಆಸೆ ಸಹಜ. ಅದಕ್ಕೊಂದು ಹುರುಪಿನ ಇತಿಹಾಸವೂ ಇದೆ. ಕ್ಯಾಲಿಫೋರ್ನಿಯಾದ ಹಾಲ್ ಸಿಟಿ ಗುಹೆಯ ನೀರಿನ ತಳದಲ್ಲಿ ಚಿನ್ನವಿದೆಯೆಂಬ ದಂತಕಥೆಯ ಬೆನ್ನು ಹತ್ತಿ ಎರಿಕ್ ಸ್ಟಾಕ್‌ಪೋಲ್ ಮತ್ತು ಡೇವಿಡ್ ಲ್ಯಾಂಗ್ ಎಂಬ ಇಬ್ಬರು ಅಗ್ಗದ ನೀರಡಿ ರೋಬೋಟ್ ಒಂದನ್ನು ರೂಪಿಸಿ, ನಕ್ಷೆಗಳನ್ನೆಲ್ಲ ಮುಕ್ತವಾಗಿಟ್ಟು, 2012ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಒಂದು ಲಕ್ಷ ಡಾಲರ್‌ಗೂ ಹೆಚ್ಚು ಸಂಗ್ರಹಿಸಿದರು. ಅದೇ ಓಪನ್‌ಆರ್‌ಒವಿ. 2015ರಲ್ಲಿ ಅವರ ಟ್ರೈಡೆಂಟ್ ಮಾದರಿಗೆ ಎಂಟು ಲಕ್ಷ ಡಾಲರ್ ದಾಟಿತು. ಈಗ ಆರ್ಡುಸಬ್ ಎಂಬ ಮುಕ್ತ ತಂತ್ರಾಂಶವೂ ಬ್ಲೂ ರೊಬೊಟಿಕ್ಸ್‌ನ ನೀರಡಿ ಮೋಟಾರುಗಳೂ ಇರುವುದರಿಂದ ಎಲ್ಲವನ್ನೂ ಮೊದಲಿನಿಂದ ಕಂಡುಹಿಡಿಯಬೇಕಾಗಿಲ್ಲ, ಆದರೆ ಅಂಥ ಒಂದು ಮೋಟಾರು ಸುಂಕ, ಸಾಗಾಟ ಸೇರಿ ನಿಮ್ಮ ಕೈ ಸೇರುವಾಗ ಹೆಚ್ಚುಕಡಿಮೆ ಒಂದು ಸುರಂಗದ ಗಾಡಿಯ ಬೆಲೆಯಾಗಿರುತ್ತದೆ, ಮತ್ತು ಕನಿಷ್ಠ ಮೂರಾದರೂ ಬೇಕು.

ಹತ್ತು ಮೀಟರ್ ಆಳಕ್ಕೆ ಹೋದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಹೆಚ್ಚುವರಿಯಾಗಿ ಒಂದು ಕಿಲೋದಷ್ಟು ಒತ್ತಡ ಬೀಳುತ್ತದೆ. ಅದೇ 110 ಮಿಲಿಮೀಟರ್ ಪೈಪಿನ ಮುಚ್ಚಳದ ವಿಸ್ತೀರ್ಣ 95 ಚದರ ಸೆಂಟಿಮೀಟರ್, ಅಂದರೆ 95 ಕಿಲೋದ ಮನುಷ್ಯನೊಬ್ಬ ಮುಚ್ಚಳದ ಮೇಲೆ ನಿಂತಂತೆ. ಅಂಗಡಿಯ ಮುಚ್ಚಳ, ಸಿಲಿಕೋನ್ ಅಂಟು ಇದಕ್ಕೆ ನಿಲ್ಲುವುದಿಲ್ಲ; ದಪ್ಪ ಅಕ್ರಿಲಿಕ್, ಲೇತ್‌ನಲ್ಲಿ ಕೊರೆದ ಅಂಚು, ನೀರು ನುಗ್ಗದಂತೆ ತಡೆಯುವ ರಬ್ಬರಿನ ಓ–ರಿಂಗ್ ಬೇಕು. ಬೈಕಂಪಾಡಿಯ ಕೈಗಾರಿಕಾ ವಲಯದ ಮೆಷಿನ್ ಶಾಪುಗಳಲ್ಲಿ ಈ ಕೆಲಸ ಮಾಡಿಸಬಹುದು. ತೇಲುವಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ಹತ್ತು ಲೀಟರ್ ಗಾತ್ರದ ವಾಹನವನ್ನು ಊರಿನ ಕೆರೆಯಲ್ಲಿ ಮುಳುಗದೆ ತೇಲದೆ ನಿಲ್ಲುವಂತೆ ಹೊಂದಿಸಿ ಮಲ್ಪೆಯ ಕಡಲಿಗೆ ಇಳಿಸಿದರೆ, ಉಪ್ಪುನೀರು ಸುಮಾರು ಶೇಕಡ ಎರಡೂವರೆಯಷ್ಟು ಹೆಚ್ಚು ಸಾಂದ್ರವಾಗಿರುವುದರಿಂದ ಅದು ಕಾಲು ಕಿಲೋದಷ್ಟು ಬಲದಿಂದ ಮೇಲಕ್ಕೇ ತಳ್ಳಿಕೊಳ್ಳುತ್ತದೆ. ಸೀಸದ ತುಂಡುಗಳನ್ನು ಜೊತೆಗೆ ಒಯ್ಯಬೇಕು. ಅಳಿವೆಯಲ್ಲಿ ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು ಪದರವಾಗಿ ಇರುವ ದಿನಗಳಲ್ಲಿ ವಾಹನ ನಡುವೆ ಎಲ್ಲೋ ನಿಂತುಬಿಡುವುದೂ ಉಂಟು.

ಇಷ್ಟೆಲ್ಲ ಆದ ಮೇಲೆ ಕ್ಯಾಮೆರಾದಲ್ಲಿ ಕಾಣುವುದೇನು? ಮಳೆಗಾಲದಲ್ಲಿ ನಮ್ಮ ತೀರದ ನೀರು ಕೆಂಪು ಕದಡಿಕೊಂಡಿರುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ನಿಷೇಧ, ದೋಣಿ ಸಿಗುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಅದೂ ತೀರದಿಂದ ಸ್ವಲ್ಪ ದೂರದಲ್ಲಿ, ನೀರು ತಿಳಿಯಾಗುತ್ತದೆ. ವರ್ಷದ ಉಳಿದ ಭಾಗ ವಾಹನ ಶೆಲ್ಫಿನಲ್ಲಿರುತ್ತದೆ ಎಂಬುದನ್ನು ಒಪ್ಪಿಕೊಂಡೇ ಹಣ ಹಾಕಬೇಕು. ಕಡಲು ಬೇಡ, ಬಾವಿ ಮತ್ತು ಕೆರೆಯ ತಳ ಸಾಕು ಎಂದರೆ ಮಾತು ಬೇರೆ: ಆಳ ಕಡಿಮೆ, ಉಪ್ಪಿಲ್ಲ, ಮೇಲಿನಿಂದ ಹಗ್ಗ ಹಾಕಬಹುದು, ದೋಣಿಯ ತಳದ ನೀರು ಹೊರಹಾಕುವ ಬಿಲ್ಜ್ ಪಂಪಿನ ಮೋಟಾರುಗಳಿಂದಲೇ ಕೆಲಸ ಸಾಗುತ್ತದೆ, ನಲವತ್ತು ಸಾವಿರದೊಳಗೆ ಮುಗಿಸಬಹುದು. ಕಡಲಿಗೆಂದೇ ಕಟ್ಟುವುದಾದರೆ ಒಂದು ಲಕ್ಷಕ್ಕಿಂತ ಕಡಿಮೆಗೆ ಯೋಚಿಸಬೇಡಿ, 316 ದರ್ಜೆಯ ಸ್ಟೀಲ್ ಬೋಲ್ಟುಗಳನ್ನೇ ಹಾಕಿ, ಪ್ರತಿ ಬಾರಿಯೂ ಸಿಹಿನೀರಿನಲ್ಲಿ ತೊಳೆಯಿರಿ. ಬಂದರಿನ ಸುತ್ತಮುತ್ತ ಇಳಿಸುವ ಯೋಚನೆಯೇ ಬೇಡ. ಬೇರೆಡೆಯೂ ಕರಾವಳಿ ಕಾವಲು ಪೊಲೀಸರಿಗೆ ಮುಂಚಿತವಾಗಿ ಪತ್ರ ಕೊಟ್ಟು ಹೋಗಿ. ಕಂಬಕಲ್ಲುಗಳ ಸೇಂಟ್ ಮೇರೀಸ್ ದ್ವೀಪ ಸಂರಕ್ಷಿತ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಅಲ್ಲಿಯೂ ಅನುಮತಿಯಿಲ್ಲದೆ ಏನನ್ನೂ ಓಡಿಸುವಂತಿಲ್ಲ.

ಹಾರುವ ವಾಹನವನ್ನು ನಾನು ಬೇಕೆಂದೇ ಈ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ. 2021ರ ಡ್ರೋನ್ ನಿಯಮಗಳು, 2022ರಿಂದ ಸಿದ್ಧ ಡ್ರೋನ್‌ಗಳ ಆಮದಿಗಿರುವ ನಿಷೇಧ, ಬಜ್ಪೆ ವಿಮಾನ ನಿಲ್ದಾಣದ ಸುತ್ತಲಿನ ವಲಯಗಳು, ಇವೆಲ್ಲ ಸೇರಿ ಅದು ಬೇರೆಯೇ ಲೇಖನವಾಗುತ್ತದೆ.

ಹಣ: ಯಾವ ದಾರಿಯಲ್ಲಿ ಏನು ಕೇಳುತ್ತಾರೆ

ಬ್ಯಾಂಕುಗಳ ತವರೆನಿಸಿಕೊಂಡ ಜಿಲ್ಲೆಗಳಲ್ಲಿ ಕುಳಿತು ಮೊದಲು ಹೇಳಬೇಕಾದದ್ದು ಉಳಿತಾಯದ ಮಾತನ್ನೇ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನವೂ ಸಣ್ಣ ಮೊತ್ತ ಕಟ್ಟುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಇಂದಿಗೂ ಸಹಕಾರಿ ಸಂಘಗಳ ಪಿಗ್ಮಿ ಸಂಗ್ರಾಹಕರು ಅಂಗಡಿ ಅಂಗಡಿಗೆ ಬರುತ್ತಾರೆ. ಆರು ಜನರ ತಂಡ ದಿನಕ್ಕೆ ತಲಾ ಇಪ್ಪತ್ತು ರೂಪಾಯಿ ಹಾಕಿದರೆ ನೂರೈವತ್ತು ದಿನಗಳಲ್ಲಿ 18,000 ರೂಪಾಯಿ, ಅಂದರೆ ಒಂದು ಸುರಂಗದ ಗಾಡಿ ಅಥವಾ ಒಂದು ಸರಳ ದೋಣಿ. ಈ ಹಣ ಮುಂಚಿತವಾಗಿಯೇ ಕೈಯಲ್ಲಿರುತ್ತದೆ, ಯಾರಿಗೂ ವರದಿ ಬರೆಯಬೇಕಾಗಿಲ್ಲ, ವಿನ್ಯಾಸವನ್ನು ನಡುವೆ ಬದಲಿಸಬಹುದು. ಮೊದಲ ಮಾದರಿಯನ್ನು ಸ್ವಂತ ಹಣದಲ್ಲೇ ಕಟ್ಟಿ ಎಂಬುದು ನನ್ನ ದೃಢವಾದ ಸಲಹೆ, ಏಕೆಂದರೆ ಓಡುತ್ತಿರುವ ವಾಹನದ ಎರಡು ನಿಮಿಷದ ವೀಡಿಯೊ ಮುಂದಿನ ಎಲ್ಲ ಅರ್ಜಿಗಳಿಗೂ ಇಪ್ಪತ್ತು ಪುಟಗಳ ಪ್ರಸ್ತಾವನೆಗಿಂತ ಹೆಚ್ಚು ಬಲ ಕೊಡುತ್ತದೆ.

ಶಾಲೆಗಳಿಗೆ ದಾರಿ ಬೇರೆ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಮಂಜೂರಾದ ಶಾಲೆಗೆ ಒಟ್ಟು 20 ಲಕ್ಷ ರೂಪಾಯಿಯವರೆಗೆ ಅನುದಾನವಿರುವುದರಿಂದ ಅಲ್ಲಿ ತ್ರಿಡಿ ಪ್ರಿಂಟರು, ಬೋರ್ಡುಗಳು, ಸೆನ್ಸರುಗಳು ಇರುತ್ತವೆ. ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೆ ಪಕ್ಕದ ಶಾಲೆಯ ಲ್ಯಾಬನ್ನು ಕೇಳಿ ಬಳಸುವುದು ಹೊಸದಾಗಿ ಕೊಳ್ಳುವುದಕ್ಕಿಂತ ಮೇಲು. ಶಾಲಾ ಮಕ್ಕಳ ಹೊಸ ಯೋಚನೆಗಳಿಗೆ ಕೇಂದ್ರ ಕೊಡುವ ಇನ್‌ಸ್ಪೈರ್–ಮಾನಕ್ ಪ್ರಶಸ್ತಿಗೆ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಅದು ವಿದ್ಯಾರ್ಥಿಯ ಖಾತೆಗೇ ಬರುವ ಹಣ, ಅಷ್ಟರಲ್ಲೇ ಮುಗಿಯುವ ಗಾಡಿಯನ್ನು ಯೋಚಿಸಬೇಕು.

ಎಂಜಿನಿಯರಿಂಗ್ ಕೊನೆಯ ವರ್ಷದವರಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮವಿದೆ. ಮೊತ್ತ ಕೆಲವು ಸಾವಿರಗಳಷ್ಟೇ, ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು, ಮತ್ತು ಸ್ಥಳೀಯ ಸಮಸ್ಯೆಯೊಂದನ್ನು ಹಿಡಿದ ಯೋಜನೆಗೆ ಅಲ್ಲಿ ಬೆಲೆಯಿದೆ. ಹಣಕ್ಕಿಂತ ಮಿಗಿಲಾಗಿ, ಆಯ್ಕೆಯಾಗಿದೆ ಎಂಬ ಪತ್ರವೇ ಬೇರೆ ಪ್ರಾಯೋಜಕರ ಮುಂದೆ ಇಡಲು ಉಪಯೋಗ. ಚಂದ್ರನ ರೋವರ್‌ನ ಪ್ರತಿಕೃತಿಗಿಂತ ಕಿಂಡಿ ಅಣೆಕಟ್ಟಿನ ಹೂಳು ಅಳೆಯುವ ದೋಣಿ ಇಲ್ಲಿ ಗೆಲ್ಲುವ ಸಾಧ್ಯತೆ ಹೆಚ್ಚೆಂದು ನನ್ನ ಎಣಿಕೆ.

ದೊಡ್ಡ ಮೊತ್ತಗಳು ಇರುವುದು ಉದ್ಯಮದ ದಾರಿಯಲ್ಲಿ. ಕೇಂದ್ರದ ನಿಧಿ–ಪ್ರಯಾಸ್ ಯೋಜನೆಯಲ್ಲಿ ಮೂಲಮಾದರಿಗೆ 10 ಲಕ್ಷದವರೆಗೆ, ಕರ್ನಾಟಕ ಸರ್ಕಾರದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಅನುದಾನಕ್ಕೆ ಅವಕಾಶವಿದೆ. ಸುರತ್ಕಲ್, ಮಣಿಪಾಲ, ನಿಟ್ಟೆಗಳಲ್ಲಿ ಹೊಸ ಉದ್ಯಮಗಳನ್ನು ಬೆಳೆಸುವ ಇನ್‌ಕ್ಯುಬೇಷನ್ ಕೇಂದ್ರಗಳಿರುವುದರಿಂದ ಬೆಂಗಳೂರಿಗೆ ಓಡಬೇಕಾಗಿಲ್ಲ. ಆದರೆ ಇಲ್ಲಿ ಕೇಳುವ ಪ್ರಶ್ನೆ ಒಂದೇ: ಇದನ್ನು ಯಾರು ಕೊಳ್ಳುತ್ತಾರೆ? ಸ್ಪರ್ಧೆಗೆಂದು ಕಟ್ಟಿದ ರೋವರ್‌ಗೆ ಇದಕ್ಕೆ ಉತ್ತರವಿಲ್ಲ. ಹೂಳು ಅಳೆಯುವ ದೋಣಿಗೆ, ಬಾವಿಯ ತಳ ತೋರಿಸುವ ಕ್ಯಾಮೆರಾ ವಾಹನಕ್ಕೆ ಇದೆ. ಕೊಳವೆಬಾವಿಗೆ ಕ್ಯಾಮೆರಾ ಇಳಿಸಿ ನೋಡುವ ಸೇವೆಗೆ ನಮ್ಮ ಊರುಗಳಲ್ಲಿ ಜನ ಈಗಾಗಲೇ ಹಣ ಕೊಡುತ್ತಿದ್ದಾರೆ. ಕಂಪನಿ ನೋಂದಣಿ, ಲೆಕ್ಕಪತ್ರ, ವರದಿಗಳ ಹೊರೆ ಹೊರಲು ತಂಡದಲ್ಲಿ ಒಬ್ಬರಾದರೂ ಪೂರ್ಣಾವಧಿಗೆ ಸಿದ್ಧರಿಲ್ಲದಿದ್ದರೆ ಈ ದಾರಿ ಬೇಡ.

ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ಬಗ್ಗೆ ತಪ್ಪು ಕಲ್ಪನೆ ಬಹಳ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅಡಿ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವ್ಯಯಿಸಬೇಕು ಎಂಬುದು ನಿಜ, ಮಂಗಳೂರಿನಲ್ಲಿ ಅಂಥ ಸಂಸ್ಥೆಗಳಿರುವುದೂ ನಿಜ. ಆದರೆ ಆ ಹಣ ನಾಲ್ಕು ಜನ ಗೆಳೆಯರ ಖಾತೆಗೆ ಬರುವುದಿಲ್ಲ. ಇಂಥ ಹಣ ಪಡೆಯಲು ಬೇಕಾದ ಸಿಎಸ್ಆರ್–1 ನೋಂದಣಿಯಿರುವ ಟ್ರಸ್ಟ್ ಅಥವಾ ಸಂಸ್ಥೆಯ ಮೂಲಕವೇ ಬರಬೇಕು. ಕಾಲೇಜಿನ ಟ್ರಸ್ಟಿಗೆ ಅದಿದೆಯೇ ಎಂದು ಮೊದಲು ಕಚೇರಿಯಲ್ಲಿ ವಿಚಾರಿಸಿ. ಸಣ್ಣ ತಂಡಗಳಿಗೆ ಇದಕ್ಕಿಂತ ಸುಲಭವಾದದ್ದು ವಸ್ತುರೂಪದ ನೆರವು: ಫೈಬರ್ ದೋಣಿ ಮಾಡುವವರಿಂದ ಉಳಿಕೆ ರೆಸಿನ್, ಮೆಷಿನ್ ಶಾಪಿನಿಂದ ಅರ್ಧ ದಿನದ ಲೇತ್ ಕೆಲಸ, ಹಾರ್ಡ್‌ವೇರ್ ಅಂಗಡಿಯಿಂದ ಪೈಪು. ಬದಲಿಗೆ ಅವರ ಹೆಸರನ್ನು ವಾಹನದ ಮೇಲೆ ಬರೆಯುತ್ತೀರಿ. ಇದಕ್ಕೆ ಅರ್ಜಿಯಿಲ್ಲ, ಕಾಯುವಿಕೆಯಿಲ್ಲ.

ಜನರಿಂದ ಹಣ ಎತ್ತುವ ಯೋಚನೆಯಿದ್ದರೆ ಓಪನ್‌ಆರ್‌ಒವಿಯ ದಾರಿಯನ್ನು ಹಾಗೆಯೇ ನಕಲು ಮಾಡಲಾಗದು, ಏಕೆಂದರೆ ಭಾರತದಲ್ಲಿ ನೆಲೆಸಿದವರು ಕಿಕ್‌ಸ್ಟಾರ್ಟರ್‌ನಲ್ಲಿ ಯೋಜನೆ ಆರಂಭಿಸುವಂತಿಲ್ಲ. ನಮ್ಮಲ್ಲಿನ ಕೆಟ್ಟೊ, ಮಿಲಾಪ್‌ನಂಥ ವೇದಿಕೆಗಳಲ್ಲಿ ಬಹುಪಾಲು ಕೋರಿಕೆಗಳು ಚಿಕಿತ್ಸೆಯವು. ಅವುಗಳ ನಡುವೆ ರೋವರ್‌ಗೆ ಹಣ ಕೇಳುವುದು ಕಷ್ಟ, ನನಗೆ ಕೇಳಿದರೆ ಸಂಕೋಚದ ಸಂಗತಿಯೂ ಹೌದು. ಕರಾವಳಿಯವರಿಗೆ ಇದಕ್ಕಿಂತ ಹತ್ತಿರದ್ದು ದುಬೈ, ಮಸ್ಕತ್, ಕುವೈತ್‌ಗಳಲ್ಲಿರುವ ಊರಿನವರು ಮತ್ತು ಹಳೆ ವಿದ್ಯಾರ್ಥಿಗಳು. ಇಲ್ಲೊಂದು ಕಾನೂನಿನ ಅಂಶ ಗಮನಿಸಬೇಕು: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿಯೊಬ್ಬರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ದೇಣಿಗೆಯನ್ನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ, ಬೇರೆ ದೇಶದ ಪೌರತ್ವ ಪಡೆದವರು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿದ್ದರೂ ಅವರ ಹಣ ವಿದೇಶಿ ಮೂಲದ್ದೇ ಆಗುತ್ತದೆ, ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ಅನುಮತಿ ಬೇಕು. ಹಣ ಕಳುಹಿಸುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳುವುದು ಮರ್ಯಾದೆಗೇಡಲ್ಲ.

ಯಾರಿಗೆ ಯಾವುದು

ಪ್ರೌಢಶಾಲೆಯ ಶಿಕ್ಷಕರು ನಾಲ್ಕು ಚಕ್ರದ ಗಾಡಿಯನ್ನೋ ಪೈಪಿನ ದೋಣಿಯನ್ನೋ ಆರಿಸಿ, ಮಾನಕ್ ಹಣ ಮತ್ತು ಹತ್ತಿರದ ಟಿಂಕರಿಂಗ್ ಲ್ಯಾಬನ್ನು ನೆಚ್ಚಿಕೊಳ್ಳಲಿ. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಪಿಗ್ಮಿ ಹಣ, ಮಂಡಳಿಯ ನೆರವು ಮತ್ತು ಒಂದು ದೋಣಿ, ಅಥವಾ ಮನೆ ಬಂಟ್ವಾಳದ ಕಡೆಯಿದ್ದರೆ ಸುರಂಗದ ಗಾಡಿ. ಕಾಲೇಜು ಎರಡು ಮೂರು ವರ್ಷಗಳ ಕಾಲ ಜಾಗ, ಮಾರ್ಗದರ್ಶಕರು ಮತ್ತು ಹಣ ಕೊಡುವುದಾದರೆ ಮಾತ್ರ ಆರು ಚಕ್ರದ ರೋವರ್. ಒಂದು ವರ್ಷದಲ್ಲಿ ಕಲಿತವರು ಹೊರಟುಹೋಗುವುದರಿಂದ ಕಿರಿಯರನ್ನು ಮೊದಲ ದಿನದಿಂದಲೇ ಸೇರಿಸಿಕೊಂಡಿರಬೇಕು. ಉದ್ಯೋಗದಲ್ಲಿದ್ದು ಹವ್ಯಾಸಕ್ಕೆ ಕಟ್ಟುವವರು ನೀರಡಿಯ ವಾಹನಕ್ಕೆ ಕೈಹಾಕಬಹುದು, ಬಾವಿಯಿಂದ ಆರಂಭಿಸಿ ಕಡಲಿಗೆ ಹೋಗಲಿ. ದೋಣಿ ಮತ್ತು ಗಾಡಿಗಳ ನಡುವೆ ಇನ್ನೂ ಮನಸ್ಸು ತೂಗುತ್ತಿದ್ದರೆ ನಿಮ್ಮ ಮನೆಯಿಂದ ಅರ್ಧ ಗಂಟೆಯೊಳಗೆ ಕೆರೆಯಿದೆಯೋ ಗುಡ್ಡವಿದೆಯೋ ನೋಡಿ, ಏಕೆಂದರೆ ಪರೀಕ್ಷೆಗೆ ವಾರಕ್ಕೆರಡು ಬಾರಿ ಹೋಗಲಾಗದ ಜಾಗಕ್ಕೆಂದು ಕಟ್ಟಿದ ವಾಹನ ಮುಗಿಯುವುದೇ ಇಲ್ಲ.

ಯಾವುದನ್ನೇ ಆರಿಸಿದರೂ ಕೆಲಸದ ಪಂಚಾಂಗ ಮಳೆಯನ್ನು ಅನುಸರಿಸಲಿ: ಅರ್ಜಿ, ವಿನ್ಯಾಸ, ಬೋರ್ಡುಗಳ ಜೋಡಣೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಕ್ಟೋಬರ್‌ನಲ್ಲಿ ನಿಂತ ನೀರು ಅಥವಾ ಅಂಗಳದಲ್ಲಿ ಪರೀಕ್ಷೆ, ಡಿಸೆಂಬರ್‌ನಿಂದ ನಿಜವಾದ ಸ್ಥಳ. ಹೂಳಿನ ಅಳತೆಗೆ ಹೋಗುವವರು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ನೀರು ನಿಂತ ಮೇಲೆ, ಬೇಸಿಗೆಯಲ್ಲಿ ಅದು ಬತ್ತುವ ಮೊದಲು ಅಳತೆ ಮುಗಿಸಬೇಕಾದ್ದರಿಂದ, ಪಂಚಾಯಿತಿಗೆ ಅನುಮತಿಯ ಪತ್ರವನ್ನು ನವೆಂಬರ್ ಒಳಗೇ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಲಿ.